ಕಣ್ಣಿನ ಪರದೆ ಸವೆದರೆ ಆಯುಷ್ಯ ಕಡಿಮೆಯಾಗುತ್ತಾ?

ವಯಸ್ಸಾದವರ ಕಣ್ಣಿನ ಪರದೆಯ ನಡುಭಾಗ, ಅಂದರೆ ಮ್ಯಾಕುಲಾ, ಸವೆದಿದೆ ಎಂದು ಹೇಳಿದರೆ ಸಾಕು. ರಾಯಚೂರಿನ ನಮ್ಮ ಕ್ಲಿನಿಕ್ಕಿನಲ್ಲಿ ಮಕ್ಕಳು ಅಪ್ಪನನ್ನು ಹೊರಗೆ ಕೂರಿಸಿ ಬಂದು ಕೇಳುತ್ತಾರೆ: "ಸರ್, ಅಪ್ಪಾರ ಜೀವಕ್ಕೇನೂ ತೊಂದ್ರಿ ಇಲ್ಲಲ್ರೀ?"

ಇಲ್ಲ. ಈ ಕಾಯಿಲೆ ನೇರವಾಗಿ ಜೀವ ತೆಗೆಯುವುದಿಲ್ಲ. ಎದುರಿಗಿದ್ದವರ ಮುಖ, ಪೇಪರಿನ ಅಕ್ಷರ ಮಸುಕಾಗುತ್ತವೆ. ಪಕ್ಕದ ನೋಟ ಸಾಮಾನ್ಯವಾಗಿ ಉಳಿಯುತ್ತದೆ.

ಆದರೆ ವಯಸ್ಸಾದವರ ಕಣ್ಣಿನ ಕಾಯಿಲೆಗಳ ಬಗ್ಗೆ ಅಮೆರಿಕದಲ್ಲಿ ನಡೆದ ಏರೆಡ್ಸ್ ಎಂಬ ಅಧ್ಯಯನದ 2004ರ ವರದಿಯಲ್ಲಿ, ಕಾಯಿಲೆ ಬಲಿತವರಲ್ಲಿ ಸಾವು ಸ್ವಲ್ಪ ಜಾಸ್ತಿ ಕಂಡಿತ್ತು. ಬೇರೆ ಕೆಲವು ಅಧ್ಯಯನಗಳಲ್ಲಿ ಅಂಥ ನಂಟು ಸಿಗಲಿಲ್ಲ. ಬೀಡಿ, ಸಿಗರೇಟು ಮ್ಯಾಕುಲಾವನ್ನೂ ಕೆಡಿಸುತ್ತವೆ, ಹೃದಯವನ್ನೂ ಕೆಡಿಸುತ್ತವೆ. ಹಾಗಾಗಿ ಇಂಥವರಿಗೆ ನಾನು ಬಿಪಿ, ಶುಗರ್ ನೋಡಿಸಿಕೊಂಡು ಬನ್ನಿ ಅನ್ನುತ್ತೇನೆ. "ಕಣ್ಣಿಗೆ ಬಂದರೆ ಬಿಪಿ ಯಾಕ್ರೀ?" ಅಂತ ಕೆಲವರು ಸಿಟ್ಟಾಗುತ್ತಾರೆ. ಆಗಲಿ.

ನನಗೆ ಜಾಸ್ತಿ ಭಯ ಬಚ್ಚಲಿನದು. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು, ನೀರು ಬಿದ್ದರೆ ಜಾರುತ್ತದೆ. ಹೊಸ್ತಿಲು ಎತ್ತರ, ರಾತ್ರಿ ದೀಪ ಇರುವುದಿಲ್ಲ. ಬಿದ್ದು ಸೊಂಟದ ಮೂಳೆ ಮುರಿದರೆ ಎಪ್ಪತ್ತು ದಾಟಿದವರು ಹಾಸಿಗೆ ಹಿಡಿಯುತ್ತಾರೆ. ನಿಜವಾಗಿ ಆಯುಷ್ಯ ಕಡಿಮೆಯಾಗುವುದು ಅಲ್ಲಿ. ಬಚ್ಚಲಿಗೆ ಒಂದು ಹಿಡಿಕೆ, ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ ಹಾಕಿಸಿ. ಗುಳಿಗಿ ಚೀಟಿಯ ಅಕ್ಷರ ಕಾಣದೆ ಶುಗರ್ ಗುಳಿಗಿಯನ್ನೇ ಎರಡು ಸಲ ನುಂಗುವವರಿದ್ದಾರೆ. ಬೆಳಗಿನದು, ರಾತ್ರಿಯದು ಬೇರೆ ಬೇರೆ ಡಬ್ಬಿಯಲ್ಲಿಡಿ.

ಇನ್ನೊಂದು ಮಾತು. ನೋಟ ತುಂಬಾ ಕಡಿಮೆಯಾದ ಕೆಲವರಿಗೆ ಇಲ್ಲದ ಮಕ್ಕಳು, ಹೂಗಳು, ಜನ ಕಾಣುತ್ತಾರೆ. ಮನೆಯವರು "ಕಾಲ ಹತ್ತಿರ ಬಂತು" ಎಂದು ಹೆದರಿ ತಾಯತ ಕಟ್ಟಿಸುತ್ತಾರೆ. ಇದು ಚಾರ್ಲ್ಸ್ ಬಾನೆ ತೊಂದರೆ. ಕಣ್ಣಿಂದ ಸುದ್ದಿ ಬರದಿದ್ದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಹುಚ್ಚಲ್ಲ, ಸಾವಿನ ಸೂಚನೆಯೂ ಅಲ್ಲ. ಆದರೂ ಒಮ್ಮೆ ಡಾಕ್ಟರಿಗೆ ಹೇಳಿ, ಬೇರೆ ಕಾರಣ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ತಡ ಮಾಡಬಾರದ್ದು ಒಂದೇ. ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ನೆಟ್ಟಗಿನ ಸರಳು ಹಠಾತ್ತನೆ ಸೊಟ್ಟಗೆ ಕಂಡರೆ ಒಳಗೆ ರಕ್ತನಾಳ ಸೋರುತ್ತಿರಬಹುದು. ಅದಕ್ಕೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ನೋಟ ಉಳಿಯುತ್ತದೆ. ಮುಂದಿನ ವಾರ ಹೋದರಾಯ್ತು ಅನ್ನಬೇಡಿ.