ಕಷ್ಟ ಬಂದರೆ ನಂಬಿಕೆ ಸಾಲದು ಎಂದರ್ಥವೇ?

ಪ್ರಶ್ನೆ: ಪ್ರತಿದಿನ ಸತ್ಯವೇದ ಓದುತ್ತೇನೆ, ಪ್ರಾರ್ಥಿಸುತ್ತೇನೆ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಆದರೂ ಮನೆಯಲ್ಲಿ ಒಂದಾದ ಮೇಲೊಂದು ಕಷ್ಟ. ನನ್ನ ನಂಬಿಕೆ ನಿಜವಾದದ್ದಲ್ಲವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂದು ಲೆಕ್ಕವಿಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬೈಬಲ್ ತರಗತಿ ಮುಗಿದ ಮೇಲೆ ಎಲ್ಲರೂ ಚಪ್ಪಲಿ ಮೆಟ್ಟಿ ಹೊರಟಾಗ ಹಿಂದೆ ಉಳಿಯುವ ಒಬ್ಬರು ಕೇಳುವುದು ಇದನ್ನೇ. ಕೇಳುವವರನ್ನು ನಾನು ದೂರುವುದಿಲ್ಲ. ಅವರ ತಲೆಯಲ್ಲಿ ಈ ಸಂಶಯವನ್ನು ಬಿತ್ತಿದವರ ವಿಷಯದಲ್ಲಿ ಮಾತ್ರ ನನಗೆ ಬೇಸರವಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ನೇರ ಉತ್ತರ. ಕಷ್ಟವು ನಂಬಿಕೆಯ ಕೊರತೆಗೆ ಸಾಕ್ಷಿಯಲ್ಲ. ಅದು ನಂಬಿಕೆಯ ಒರೆಗಲ್ಲು. ಅಕ್ಕಸಾಲಿಗರ ಅಂಗಡಿಯಲ್ಲಿ ಕುಳಿತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಬಳೆಯನ್ನು ಕೊಟ್ಟರೆ ಅವರು ಅದನ್ನು ಕರಿಯ ಕಲ್ಲಿನ ಮೇಲೆ ಒಮ್ಮೆ ಎಳೆಯುತ್ತಾರೆ, ಮೂಡಿದ ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಡುತ್ತಾರೆ. ಹಿತ್ತಾಳೆಯ ಗೆರೆಯಾದರೆ ಅಳಿಸಿಹೋಗುತ್ತದೆ, ಚಿನ್ನದ್ದಾದರೆ ಉಳಿಯುತ್ತದೆ. ಆ ಕಲ್ಲು ಚಿನ್ನವನ್ನು ಮಾಡುವುದೂ ಇಲ್ಲ, ಕೆಡಿಸುವುದೂ ಇಲ್ಲ, ಇದ್ದದ್ದನ್ನು ತೋರಿಸುತ್ತದೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆಯ 1ನೆಯ ಅಧ್ಯಾಯದಲ್ಲಿಯೂ ಪೇತ್ರನ ಮೊದಲನೆಯ ಪತ್ರಿಕೆಯ 1ನೆಯ ಅಧ್ಯಾಯದಲ್ಲಿಯೂ ಬರುವ ಗ್ರೀಕ್ ಪದ 'ದೋಕಿಮಿಯೋನ್' ಈ ಒರೆಗೆ ಹಚ್ಚುವ ಕೆಲಸವನ್ನೂ ಒರೆಯಲ್ಲಿ ನಿಂತ ಅಪ್ಪಟತನವನ್ನೂ ಒಟ್ಟಿಗೆ ಹೇಳುತ್ತದೆ. ಪೇತ್ರನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬೆಂಕಿಯಲ್ಲಿ ಶೋಧಿಸಲ್ಪಡುವ ಚಿನ್ನದ ಮಾತೆತ್ತುತ್ತಾನೆ. ಅದು ಪುಟಕ್ಕಿಡುವ ಕೆಲಸ. ಕನ್ನಡದಲ್ಲಿ ನಮಗೆ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿರುವುದು ದೊಡ್ಡ ಅನುಕೂಲ: ಒರೆಗೆ ಹಚ್ಚಿದಾಗ ಚಿನ್ನ ಹೌದೋ ಅಲ್ಲವೋ ಎಂಬುದು ತಿಳಿಯುತ್ತದೆ, ಪುಟಕ್ಕಿಟ್ಟಾಗ ಅದರೊಳಗಿನ ಕಿಟ್ಟ ಬೇರ್ಪಡುತ್ತದೆ. ಶೋಧನೆಯು, ಅಂದರೆ ನಂಬಿಕೆಯನ್ನು ಪರೀಕ್ಷಿಸುವ ಕಷ್ಟವು, ಎರಡನ್ನೂ ಮಾಡುತ್ತದೆ. ಎರಡರಲ್ಲಿ ಯಾವುದೂ ಶಿಕ್ಷೆಯಲ್ಲ.

ಇನ್ನು ಆ ಹಟಮಾರಿ ತಪ್ಪು ತಿಳಿವಳಿಕೆಯ ಕಡೆಗೆ ಬರುತ್ತೇನೆ. ನಮ್ಮ ತರಗತಿಗೆ ಬರುತ್ತಿದ್ದ ಸಹೋದರಿಯೊಬ್ಬರ ಪತಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಮನೆಗೆ ಪ್ರಾರ್ಥನೆಗೆಂದು ಬಂದವರೊಬ್ಬರು ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕ, ನಿಮ್ಮ ನಂಬಿಕೆಯಲ್ಲಿ ಎಲ್ಲೋ ಕೊರತೆಯಿದೆ, ಇಲ್ಲವಾದರೆ ಇಷ್ಟು ಹೊತ್ತಿಗೆ ಗುಣವಾಗಬೇಕಿತ್ತು" ಎಂದು ಹೇಳಿಹೋದರು. ಆಕೆ ಮುಂದಿನ ಮೂರು ವಾರ ಆಲಯಕ್ಕೆ ಬರಲಿಲ್ಲ. ಬಂದ ದಿನ ಕೇಳಿದ್ದು ಒಂದೇ ಮಾತು: "ಮೇಷ್ಟ್ರೇ, ನನ್ನದು ಸುಳ್ಳು ನಂಬಿಕೆಯೇ?"

ಈ ಬೋಧನೆ ಹೊಸದಲ್ಲ. ಯೋಬನ ಗ್ರಂಥದಲ್ಲಿ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಹೇಳುವುದೂ ಇದನ್ನೇ. ಏಳು ದಿನ, ಏಳು ರಾತ್ರಿ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡಿದ್ದ ಯೋಬನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದಾಗ ಅವರು ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಕಷ್ಟ ಬಂದಿದೆಯಾದರೆ ತಪ್ಪು ಇದ್ದೇ ಇರಬೇಕು ಎಂಬುದು ಅವರ ವಾದ. ಆದರೆ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಯೋಬನು ನಿರ್ದೋಷಿ ಎಂದು ಸ್ವತಃ ದೇವರೇ ಹೇಳಿಯಾಗಿದೆ, ಮತ್ತು 42ನೆಯ ಅಧ್ಯಾಯದಲ್ಲಿ ದೇವರು ಎಲೀಫಜನ ಮೇಲೆಯೂ ಅವನ ಇಬ್ಬರು ಸ್ನೇಹಿತರ ಮೇಲೆಯೂ ಕೋಪಿಸಿಕೊಂಡು, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎನ್ನುತ್ತಾನೆ. ಅವರಿಗಾಗಿ ಪ್ರಾರ್ಥಿಸಬೇಕಾದವನು ಯೋಬನೇ ಆಗುತ್ತಾನೆ. ಇಷ್ಟನ್ನು ಓದಿದ ಮೇಲೂ ಎಲೀಫಜನ ಮಾತನ್ನೇ ನಮ್ಮ ಮನೆಬಾಗಿಲುಗಳಲ್ಲಿ ಆಡುವುದಾದರೆ ನಾವು ಓದಿದ್ದೇನು?

ಹೊಸ ಒಡಂಬಡಿಕೆ ಇನ್ನೂ ಸ್ಪಷ್ಟವಾಗಿದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದನು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನಲ್ಲಿದ್ದ ಉಳಿದವರಿಗಿಂತ ದೊಡ್ಡ ಅಪರಾಧಿಗಳಲ್ಲವೆಂದು ಹೇಳಿದನು. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡೆಂದು ಮೂರು ಸಲ ಬೇಡಿಕೊಂಡನು. ಶೂಲ ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಅದೇ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟುಬರಬೇಕಾಯಿತು, ಮತ್ತು ಪದೇಪದೇ ಕಾಯಿಲೆ ಬೀಳುತ್ತಿದ್ದ ತನ್ನ ಯುವ ಜೊತೆಕೆಲಸಗಾರ ತಿಮೊಥೆಯನಿಗೆ, ನಿನ್ನ ನಂಬಿಕೆ ಸಾಲದೆಂದು ಬರೆಯದೆ, ಹೊಟ್ಟೆಯ ನಿಮಿತ್ತ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದನು. ಆ ದಿನಗಳಲ್ಲಿ ಅದು ಔಷಧವಾಗಿತ್ತು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಸಾಸಿವೆ ಕಾಳಿನಷ್ಟು ನಂಬಿಕೆಯಿದ್ದರೂ ಬೆಟ್ಟ ಕದಲುತ್ತದೆ ಎಂಬ ಯೇಸುವಿನ ವಚನವನ್ನು ಮುಂದಿಡುತ್ತಾರೆ. ದಯವಿಟ್ಟು ಆ ಸಂದರ್ಭವನ್ನು ಪೂರ್ತಿಯಾಗಿ ಓದಿರಿ. ಅಲ್ಲಿ ಅಲ್ಪವಿಶ್ವಾಸಕ್ಕಾಗಿ ಗದರಿಸಿಕೊಂಡವರು, ತಂದೆಯೊಬ್ಬನು ಕರೆತಂದಿದ್ದ ಹುಡುಗನನ್ನು ವಾಸಿಮಾಡಲಾಗದೆ ನಿಂತಿದ್ದ ಶಿಷ್ಯರು. ನರಳುತ್ತಿದ್ದ ಹುಡುಗನೂ ಅಲ್ಲ, ಅವನ ತಂದೆಯೂ ಅಲ್ಲ. ಮಾರ್ಕನ ಸುವಾರ್ತೆಯ ಪ್ರಕಾರ ಆ ತಂದೆ ಅತ್ತು ಕೂಗಿ ಹೇಳಿದ್ದು, ನಂಬುತ್ತೇನೆ, ನನಗೆ ನಂಬಿಕೆ ಕಡಿಮೆಯಾಗಿದ್ದರೂ ಸಹಾಯಮಾಡು ಎಂದು. ಆ ಅರೆಬರೆ ನಂಬಿಕೆಯನ್ನು ಯೇಸು ತಳ್ಳಿಹಾಕಲಿಲ್ಲ, ಹುಡುಗನು ವಾಸಿಯಾದನು. ತನ್ನ ಬಳಿಗೆ ಬಂದ ಒಬ್ಬ ರೋಗಿಗಾದರೂ, ನಿನ್ನ ನಂಬಿಕೆ ಸಾಲದು, ಹಾಗೆಯೇ ಹಿಂದಿರುಗು ಎಂದು ಆತನು ಹೇಳಿದ ಪ್ರಸಂಗ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಆತನು ಹೇಳದ ಮಾತನ್ನು ಆತನ ಹೆಸರಿನಲ್ಲಿ ಹೇಳುವ ಅಧಿಕಾರ ನಮಗೆ ಯಾರು ಕೊಟ್ಟರು?

ಹಾಗಾದರೆ ನಿಜವಾದ ನಂಬಿಕೆ ಎಲ್ಲಿ ಕಾಣುತ್ತದೆ? ಅದು ವಿಧೇಯತೆಯಲ್ಲಿ, ಹೆಚ್ಚಾಗಿ ಸಣ್ಣ ವಿಧೇಯತೆಯಲ್ಲಿ ಕಾಣುತ್ತದೆ. ಮಗ ಇಸಾಕನನ್ನು ಮೊರೀಯ ಸೀಮೆಯಲ್ಲಿ ಬಲಿಯಾಗಿ ಅರ್ಪಿಸೆಂದು ದೇವರು ಅಬ್ರಹಾಮನಿಗೆ ಹೇಳುವ ಆದಿಕಾಂಡದ 22ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅಬ್ರಹಾಮನ ಮನಸ್ಸಿನಲ್ಲಿ ಏನು ನಡೆಯಿತೆಂಬುದರ ಬಗ್ಗೆ ಒಂದು ಮಾತೂ ಸಿಗುವುದಿಲ್ಲ. ಬೆಳಿಗ್ಗೆ ಎದ್ದನು, ಕತ್ತೆಗೆ ತಡಿ ಹಾಕಿದನು, ಕಟ್ಟಿಗೆ ಒಡೆದನು, ಮೂರನೆಯ ದಿನ ಆ ಸ್ಥಳವನ್ನು ದೂರದಿಂದ ಕಂಡನು. ಅವನ ನಂಬಿಕೆಯನ್ನು ಆ ಕೈಕೆಲಸಗಳಿಂದಲೇ ನಾವು ತಿಳಿಯಬೇಕು. ಇದೇ ಅಬ್ರಹಾಮನು ಹಿಂದೆ ಪ್ರಾಣಭಯದಿಂದ ಎರಡು ಸಲ ತನ್ನ ಹೆಂಡತಿಯನ್ನು ತಂಗಿಯೆಂದು ಹೇಳಿಕೊಂಡವನು. ಮೊರೀಯಕ್ಕೆ ಅವನು ಒಂದೇ ದಿನದಲ್ಲಿ ಬಂದು ಮುಟ್ಟಲಿಲ್ಲ.

ನಂಬಿಕೆಯಿಂದಲೇ ನೀತಿವಂತರಾಗುತ್ತೇವೆ ಎನ್ನುವ ಪೌಲನಿಗೂ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನಿಗೂ ಪರಸ್ಪರ ವಿರೋಧವಿದೆ ಎನ್ನುವವರಿಗೂ ಉತ್ತರ ಇಲ್ಲಿಯೇ ಇದೆ. 1522ರಲ್ಲಿ ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರನು ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ, ಅಂದರೆ ಸತ್ವ ಕಡಿಮೆಯಾದದ್ದು, ಎಂದು ಕರೆದಿದ್ದನು. ಆ ವಿಷಯದಲ್ಲಿ ಅವನು ಅವಸರಪಟ್ಟನೆಂದು ನನ್ನ ಅಭಿಪ್ರಾಯ. ಅಬ್ರಹಾಮನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು ಎಂಬ ಆದಿಕಾಂಡ 15ರ ವಚನವನ್ನು ಇಬ್ಬರೂ ಎತ್ತಿಕೊಳ್ಳುತ್ತಾರೆ. ಆ ವಚನದ ಹೊತ್ತಿಗೆ ಅಬ್ರಹಾಮನ ಮೊದಲ ಮಗ ಇಷ್ಮಾಯೇಲನೂ ಹುಟ್ಟಿರಲಿಲ್ಲ. ಅವನು ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಇಸಾಕನು ಹುಟ್ಟಿದಾಗ 100, ಮೊರೀಯದ ದಾರಿಯಲ್ಲಿ ಇಸಾಕನು ಕಟ್ಟಿಗೆ ಹೊರುವಷ್ಟು ಬೆಳೆದಿದ್ದನು. ಪೌಲನು ನಂಬಿಕೆ ಹುಟ್ಟಿದ ದಿನದ ಮಾತಾಡುತ್ತಾನೆ; ಯಾಕೋಬನು ಅದೇ ನಂಬಿಕೆ ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ ಒರೆಗೆ ಬಂದ ದಿನದ ಮಾತಾಡುತ್ತಾನೆ.

ಆ ಸಹೋದರಿಗೆ ನಾನು ಅಬ್ರಹಾಮನ ಪಾಠ ಹೇಳಲಿಲ್ಲ. ಅದಕ್ಕೂ ಒಂದು ತಿಂಗಳ ಹಿಂದಿನ ಸಂಗತಿಯನ್ನು ನೆನಪಿಸಿದೆ. ಔಷಧದ ಅಂಗಡಿಯಲ್ಲಿ ಚಿಲ್ಲರೆಯೊಂದಿಗೆ ಐನೂರರ ಒಂದು ನೋಟು ಹೆಚ್ಚಿಗೆ ಬಂದಿದೆಯೆಂದು ಆಕೆಗೆ ಗೊತ್ತಾದದ್ದು ಬಸ್ ನಿಲ್ದಾಣದಲ್ಲಿ. ಮುಂದಿನ ಡಯಾಲಿಸಿಸ್‌ಗೆ ಸಾಲ ಕೇಳಲು ಹೊರಟಿದ್ದವರು ಬಸ್ಸನ್ನು ಬಿಟ್ಟು, ನಡೆದುಹೋಗಿ ನೋಟನ್ನು ಹಿಂದಿರುಗಿಸಿದರು. "ಅದು ನಮ್ಮದಲ್ಲವಲ್ಲ ಮೇಷ್ಟ್ರೇ" ಎಂದರು. ಒರೆಗಲ್ಲಿನ ಮೇಲೆ ಉಳಿದ ಗೆರೆ ಅದೇ ಎಂದು ನಾನು ಹೇಳಿದೆ.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಕಷ್ಟವು ನಂಬಿಕೆಯನ್ನು ತೋರಿಸುವುದಾದರೆ ಅದನ್ನು ನಾವಾಗಿ ಹುಡುಕಿಕೊಂಡು ಹೋಗಬೇಕೆ, ಔಷಧ ಬಿಡಬೇಕೆ? ಖಂಡಿತ ಇಲ್ಲ. ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡವೆಂದು ಪ್ರಾರ್ಥಿಸಲು ಕಲಿಸಿದವನೂ ಯೇಸುವೇ, ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ, ಅಂದರೆ ಬರಲಿದ್ದ ಸಂಕಟ, ತೊಲಗಲೆಂದು ಬೇಡಿಕೊಂಡವನೂ ಆತನೇ. ಸುಮಾರು ಕ್ರಿ.ಶ. 155ರಲ್ಲಿ ಸ್ಮುರ್ನದಲ್ಲಿ, ಅಂದರೆ ಇಂದಿನ ತುರ್ಕಿಯ ಇಜ್ಮಿರ್ ನಗರದಲ್ಲಿ ಕ್ರೈಸ್ತರಿಗೆ ಹಿಂಸೆಯಾದಾಗ ಫ್ರುಗ್ಯ ಸೀಮೆಯ ಕ್ವಿಂತನೆಂಬ ಕ್ರೈಸ್ತನು ತಾನಾಗಿಯೇ ಮುಂದೆ ಬಂದು ಒಪ್ಪಿಸಿಕೊಂಡನು. ಕ್ರೈಸ್ತರ ಮೇಲೆ ಬಿಡುತ್ತಿದ್ದ ಕಾಡುಮೃಗಗಳನ್ನು ಕಂಡು ಹೆದರಿ ನಂಬಿಕೆಯನ್ನು ಬಿಟ್ಟುಕೊಟ್ಟನು. ಸ್ಮುರ್ನದ ಕ್ರೈಸ್ತ ಸಭೆಯು ಈ ಹಿಂಸೆಯ ಬಗ್ಗೆ ಬರೆದ ಪತ್ರದಲ್ಲಿ, ಹೀಗೆ ತಾವಾಗಿ ಮುನ್ನುಗ್ಗುವವರನ್ನು ನಾವು ಹೊಗಳುವುದಿಲ್ಲ, ಸುವಾರ್ತೆ ಹಾಗೆ ಕಲಿಸುವುದಿಲ್ಲ ಎಂದು ಸ್ಪಷ್ಟವಾಗಿದೆ. ಅದೇ ಊರಿನ ಸಭಾಧ್ಯಕ್ಷ (ಬಿಷಪ್) ಪೊಲಿಕಾರ್ಪನು ಸ್ನೇಹಿತರ ಮಾತು ಕೇಳಿ ಊರ ಹೊರಗಿನ ತೋಟದ ಮನೆಗೆ ಹೋದನು, ಅಲ್ಲಿಂದ ಇನ್ನೊಂದಕ್ಕೆ. ಅಡಗಿದ್ದನ್ನು ಯಾರೂ ಹೇಡಿತನವೆನ್ನಲಿಲ್ಲ. ಕೊನೆಗೆ ಹುಡುಕಿ ಬಂದವರು ಬಾಗಿಲಲ್ಲಿ ನಿಂತಾಗ ಅವನು ಮಹಡಿಯಿಂದ ಇಳಿದುಬಂದು, ಅವರಿಗೆ ಊಟ ಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ಗಂಟೆ ಬಿಡುವು ಕೇಳಿದನು. ಎರಡು ಗಂಟೆ ಕಾಲ ನಿಂತೇ ಪ್ರಾರ್ಥಿಸಿದನು, ಜೀವಮಾನದಲ್ಲಿ ತಾನು ಕಂಡಿದ್ದ ದೊಡ್ಡವರು, ಚಿಕ್ಕವರು ಎಲ್ಲರನ್ನೂ ನೆನೆಯುತ್ತಾ.