ತುಂಡಾದರೂ ಸುಳಿವು ಕೊಡದ ತಂತಿ

ಟೈಲರ್ ಅಂಗಡಿಯ ಇಸ್ತ್ರಿ ಪೆಟ್ಟಿಗೆಯ ವೈರನ್ನೇ ನೋಡಿ. ದಿನವಿಡೀ ಬಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಒಳಗಿನ ಮೂರು ತಂತಿಗಳಲ್ಲಿ ಫೇಸ್ ಅಥವಾ ನ್ಯೂಟ್ರಲ್ ತುಂಡಾದರೆ ಪೆಟ್ಟಿಗೆ ಕಾಯುವುದಿಲ್ಲ, ತಕ್ಷಣ ರಿಪೇರಿಗೆ ಕೊಡುತ್ತೇವೆ. ಪೆಟ್ಟಿಗೆಯ ಲೋಹವನ್ನು ನೆಲಕ್ಕೆ ಸೇರಿಸುವ ಹಸಿರು ಬಣ್ಣದ ಅರ್ಥ್ ತಂತಿ ತುಂಡಾದರೆ? ಪೆಟ್ಟಿಗೆ ಎಂದಿನಂತೆ ಕಾಯುತ್ತದೆ. ತಿಂಗಳುಗಟ್ಟಲೆ ಯಾರಿಗೂ ಗೊತ್ತೇ ಆಗುವುದಿಲ್ಲ. ನನಗೆ ಭಯ ಹುಟ್ಟಿಸುವುದು ಇದೇ.

ಮುಂದೊಂದು ದಿನ ಫೇಸ್ ತಂತಿಯ ಮೇಲಿನ ಪದರ ಸುಟ್ಟು, ಅದು ಪೆಟ್ಟಿಗೆಯ ಲೋಹಕ್ಕೆ ತಾಗಿತು ಅನ್ನಿ. ಅರ್ಥಿಂಗ್ ಚೆನ್ನಾಗಿದ್ದರೆ ಕರೆಂಟ್ ಆ ದಾರಿಯಲ್ಲಿ ಜೋರಾಗಿ ಹರಿದು ಫ್ಯೂಸ್ ಹೋಗುತ್ತಿತ್ತು. ಈಗ ಉಳಿದಿರುವ ದಾರಿ ಮುಟ್ಟಿದವರ ಮೈ. 30 ಮಿಲಿಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಸ್ವಲ್ಪ ಹೊತ್ತು ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ಕೆಡಬಹುದು. ಫ್ಯೂಸ್ ತಡೆದುಕೊಳ್ಳುವ 6 ಆಂಪಿಯರ್ ಅಂದರೆ ಅದರ 200 ಪಟ್ಟು. ಹಾಗಾಗಿ ಮನುಷ್ಯನ ಜೀವ ತೆಗೆಯುವಷ್ಟು ಕರೆಂಟ್ ಹರಿದರೂ 6 ಆಂಪಿಯರ್ ಫ್ಯೂಸ್ ಸುಮ್ನೆ ಇರುತ್ತದೆ.

ಬ್ರಿಟನ್ನಿನ ಕಚೇರಿ, ಕಾರ್ಖಾನೆಗಳಲ್ಲಿ ಇಂಥ ದೋಷ ಹುಡುಕುವ ಪದ್ಧತಿಗೆ 'ಪ್ಯಾಟ್' (ಪೋರ್ಟಬಲ್ ಅಪ್ಲಯನ್ಸ್ ಟೆಸ್ಟಿಂಗ್) ಎನ್ನುತ್ತಾರೆ. ಅಲ್ಲಿನ 1989ರ ನಿಯಮ ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕು ಎಂದು ಹೇಳುವುದಿಲ್ಲ. ಅಪಾಯವಾಗದಂತೆ ಉಪಕರಣಗಳನ್ನು ಸುಸ್ಥಿತಿಯಲ್ಲಿಡಿ ಎನ್ನುತ್ತದೆ. ಇದು ನನಗೆ ಸರಿ ಎನಿಸುತ್ತದೆ. ಮೇಜಿನ ಮೇಲೆ ಅಲುಗದೆ ಕೂತ ಕಂಪ್ಯೂಟರೂ ಕಟ್ಟಡದ ಕೆಲಸದಲ್ಲಿ ಎಳೆದಾಡುವ ಡ್ರಿಲ್ಲೂ ಒಂದೇ ಅಲ್ಲ, ಅಲ್ವಾ?

ಮೊದಲು ಕಣ್ಣಿನಿಂದಲೇ ನೋಡಬೇಕು. ಹರಿದ ವೈರು, ಸುಟ್ಟ ಪಿನ್ನು, ಟೇಪ್ ಸುತ್ತಿದ ಜಾಗ ಹೀಗೆ ಬಹುಪಾಲು ದೋಷಗಳು ಇಲ್ಲೇ ಸಿಕ್ಕಿಬೀಳುತ್ತವೆ. ಆದರೆ ಅರ್ಥ್ ತಂತಿ ಒಳಗೇ ತುಂಡಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಮೀಟರ್ ಬೇಕು. ಪ್ಲಗ್ ಕಿತ್ತು, ಮೀಟರಿನ ಒಂದು ಕ್ಲಿಪ್ಪನ್ನು ಉದ್ದನೆಯ ಅರ್ಥ್ ಪಿನ್ನಿಗೆ, ಇನ್ನೊಂದನ್ನು ಪೆಟ್ಟಿಗೆಯ ಲೋಹಕ್ಕೆ ಸಿಕ್ಕಿಸುತ್ತಾರೆ. ಕರೆಂಟ್ ಹರಿಯಲು ಇರುವ ಅಡ್ಡಿ ಒಂದು ಓಮ್‌ಗಿಂತ ತುಂಬಾ ಕಡಿಮೆ ಬರಬೇಕು. ಆಮೇಲೆ ತಂತಿಗಳ ಮೇಲಿನ ಪದರ ಗಟ್ಟಿಯಾಗಿದೆಯೇ ಎಂದು ನೋಡಲು ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ, ಅವಕ್ಕೂ ಲೋಹಕ್ಕೂ ನಡುವೆ 500 ವೋಲ್ಟ್ ಡಿಸಿ ಕೊಡುತ್ತಾರೆ. 230 ವೋಲ್ಟಿನ ಮನೆ ಕರೆಂಟ್ ಕೂಡ ಏರಿಳಿಯುವಾಗ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಹಾಗಾಗಿ ಅದಕ್ಕಿಂತ ಗಟ್ಟಿ ಪರೀಕ್ಷೆ ಬೇಕು. ಇಲ್ಲಿ ಅಡ್ಡಿ ಕನಿಷ್ಠ 10 ಲಕ್ಷ ಓಮ್ ಇರಬೇಕು. ಚೌಕದೊಳಗೊಂದು ಚೌಕದ ಗುರುತಿರುವ ಡ್ರಿಲ್‌ಗಳಿಗೆ ಅರ್ಥ್ ತಂತಿಯೇ ಇರುವುದಿಲ್ಲ, ಬದಲಿಗೆ ಎರಡು ಪದರದ ರಕ್ಷಣೆ ಇರುತ್ತದೆ. ಅವಕ್ಕೆ 20 ಲಕ್ಷ ಓಮ್ ಬೇಕು.

ಇಷ್ಟೆಲ್ಲ ಪಾಸಾದ ಪೆಟ್ಟಿಗೆಯನ್ನೂ ನಮ್ಮಲ್ಲಿ ಎಷ್ಟೋ ಸಲ ಅರ್ಥ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚುತ್ತಾರೆ. ಪೆಟ್ಟಿಗೆಯ ಹಸಿರು ತಂತಿ ಚೆನ್ನಾಗಿಯೇ ಇರುತ್ತದೆ. ಬೋರ್ಡಿನಾಚೆ ಅದು ನೆಲ ಸೇರುವುದೇ ಇಲ್ಲ. ಪೆಟ್ಟಿಗೆ ಪರೀಕ್ಷಿಸಿದ ದಿನವೇ ಆ ಬೋರ್ಡನ್ನೂ ಬಿಚ್ಚಿ ನೋಡಿ.