ಕಡಲಿಗೆ ಹೋಗಿ ಬಂದ ಜಿಐ ಟ್ರೇಲರ್ ಕೊಡಗಿನಲ್ಲಿ ತುಕ್ಕು ಹಿಡಿಯುವುದೇಕೆ?

ಪ್ರಶ್ನೆ: ನಾವು ವಿರಾಜಪೇಟೆಯವರು. ಬೇಸಿಗೆಯಲ್ಲಿ ಸಣ್ಣ ಫೈಬರ್ ದೋಣಿಯನ್ನು ಟ್ರೇಲರ್ ಮೇಲಿಟ್ಟು ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಕಡಲಿಗೆ ಒಯ್ಯುತ್ತೇವೆ. ಟ್ರೇಲರ್, ಲಂಗರಿನ ಸರಪಳಿ ಎಲ್ಲವೂ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ. ಮಳೆಗಾಲ ಮುಗಿಯುವಷ್ಟರಲ್ಲಿ ಮೈತುಂಬ ಬಿಳಿ ಪುಡಿ, ಬೋಲ್ಟುಗಳ ಸುತ್ತ ಕೆಂಪು ತುಕ್ಕು. ಇಲ್ಲಿ ಉಪ್ಪುಗಾಳಿಯೇ ಇಲ್ಲವಲ್ಲ?

ಉತ್ತರ: ಉಪ್ಪುಗಾಳಿ ಇಲ್ಲದಿದ್ದರೂ ಉಪ್ಪು ಟ್ರೇಲರಿನ ಪೈಪುಗಳ ಒಳಗೆ ಕುಳಿತು ಘಾಟಿ ಹತ್ತಿ ಬಂದಿರುತ್ತದೆ. ಉಪ್ಪು ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಅದು ಒಣಗುವ ಮಾತೇ ಇಲ್ಲ. ಗಾಳಿಯಾಡಿದರೆ ಸತುವಿನ ಮೇಲೆ ಕಾರ್ಬೊನೇಟಿನ ಗಟ್ಟಿ ಪದರ ಕಟ್ಟಿ ಸವೆತ ನಿಧಾನವಾಗುತ್ತದೆ. ಉಪ್ಪು ಮತ್ತು ಬಿಡದ ತೇವ ಆ ಪದರವನ್ನು ನಿಲ್ಲಗೊಡುವುದಿಲ್ಲ. ಬಿಳಿ ಪುಡಿ ಎಂದರೆ ಸತು ಸವೆಯುತ್ತಿದೆ, ಕೆಂಪು ಎಂದರೆ ಅಲ್ಲಿ ಸತು ಮುಗಿದಿದೆ.

ಬೋಲ್ಟಿನಲ್ಲೇ ಮೊದಲು ಕೆಂಪು ಕಾಣುವುದಕ್ಕೆ ಕಾರಣವಿದೆ. 6 ಮಿ.ಮೀ.ಗಿಂತ ದಪ್ಪದ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿದರೆ ಸುಮಾರು 85 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಲೇಪ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಹೊಳೆಯುವ ಬೋಲ್ಟಿಗೆ ವಿದ್ಯುತ್ತಿನಿಂದ ಹಚ್ಚಿದ್ದು ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಅಷ್ಟೆ. ಹಾಟ್ ಡಿಪ್, ಅಂದರೆ ಕರಗಿದ ಸತುವಿನಲ್ಲಿ ಅದ್ದಿದ ಬೋಲ್ಟನ್ನೇ ಕೇಳಿ ತನ್ನಿ. ಹಿತ್ತಾಳೆ, ತಾಮ್ರದ ಬಿಡಿಭಾಗ ಬೇಡ. ಒದ್ದೆಯಾದಾಗ ಅವು ಪಕ್ಕದ ಸತುವನ್ನು ತಿನ್ನುತ್ತವೆ.

ತೊಳೆಯುವುದು ಅದೇ ದಿನ, ಸಾಧ್ಯವಾದರೆ ಘಾಟಿ ಹತ್ತುವ ಮೊದಲೇ ಆಗಬೇಕು. ಹೊರಗಿನ ಉಪ್ಪನ್ನು ಮಳೆಯೂ ತೊಳೆದೀತು, ಪೈಪಿನ ಒಳಗಿನದನ್ನು ತೊಳೆಯದು. ಚೌಕ ಪೈಪಿನ ಒಂದು ತುದಿಗೆ ಹೋಸ್ ಇಟ್ಟು, ಇನ್ನೊಂದು ತುದಿಯಿಂದ ಬರುವ ನೀರು ತಿಳಿಯಾದ ಮೇಲೂ ಕೆಲವು ನಿಮಿಷ ಬಿಡಿ. ತುದಿ ಮುಚ್ಚಿದ್ದರೆ ತಗ್ಗಿನ ಕಡೆ 10 ಮಿ.ಮೀ. ತೂತು ಕೊರೆದು ಅಂಚಿಗೆ ಸತುವಿನ ಬಣ್ಣ ಹಚ್ಚಿ. ಸರಪಳಿಯನ್ನು ಪೂರ್ತಿ ಹೊರತೆಗೆದು ಸಿಹಿನೀರಿನಲ್ಲಿ ನೆನೆಸಿ, ನೇತುಹಾಕಿ ಒಣಗಿಸಿ.

ನಿಲ್ಲಿಸುವಾಗ ಮೂತಿ ಮೇಲೆತ್ತಿ, ನೀರು ಹಿಂದಕ್ಕೆ ಇಳಿಯಲಿ. ಟಾರ್ಪಾಲು ಮೈಗೆ ಅಂಟಬಾರದು. ಗೊಬ್ಬರದ ಶೆಡ್ಡಂತೂ ಬೇಡವೇ ಬೇಡ: ತೋಟಕ್ಕೆ ಹಾಕುವ ಪೊಟ್ಯಾಷ್ ಕೂಡ ಉಪ್ಪಿನಂತೆ ಕ್ಲೋರೈಡೇ, ಕಡಲನ್ನು ಮನೆಯಲ್ಲೇ ಇಟ್ಟುಕೊಂಡಂತೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಕಲಸುವ ಮೈಲುತುತ್ತದ ನೀರು ಸಿಡಿದರೆ ಸತುವಿನ ಮೇಲೆ ತಾಮ್ರ ಕೂತು, ಅಲ್ಲೇ ಗುಳಿ ಬೀಳುತ್ತದೆ.

ಬಿಳಿ ಪುಡಿಯನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ತಂತಿ ಬ್ರಷ್ಷು ಉಳಿದ ಸತುವನ್ನೂ ಕೆರೆಯುತ್ತದೆ, ಆಸಿಡ್ ಕರಗಿಸಿಬಿಡುತ್ತದೆ. ಕೆಂಪು ಕಂಡ ಕಡೆ ಮಾತ್ರ ಹೊಳಪು ಕಬ್ಬಿಣ ಕಾಣುವವರೆಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಸತು ಹೆಚ್ಚಿರುವ ಪ್ರೈಮರನ್ನು ಒಟ್ಟು 100 ಮೈಕ್ರಾನ್ ಆಗುವಂತೆ ಎರಡು ಮೂರು ಕೋಟು ಹಚ್ಚಿ. ಒಣಗಿದ ಪದರದಲ್ಲಿ 90%ಕ್ಕಿಂತ ಹೆಚ್ಚು ಸತು ಇರುವುದು ಒಳ್ಳೆಯದು. ಬರೀ ಬೆಳ್ಳಿ ಬಣ್ಣ ತುಕ್ಕು ಮುಚ್ಚುತ್ತದೆ, ತಡೆಯುವುದಿಲ್ಲ. ಸತುವಿನ ಮೇಲೆ ನೇರವಾಗಿ ಎನಾಮಲ್ ಬಳಿದರೆ ಕೆಲವೇ ಕಾಲದಲ್ಲಿ ಹಾಳೆಯಂತೆ ಸುಲಿದು ಬರುತ್ತದೆ. ನಡುವೆ ಎಪಾಕ್ಸಿ ಪ್ರೈಮರ್ ಬೇಕು.

ಟ್ರೇಲರಿಗೆ ಆನೋಡ್ (ತಾನು ಸವೆದು ಕಬ್ಬಿಣವನ್ನು ಕಾಯುವ ಲೋಹದ ತುಂಡು) ಕಟ್ಟಿ ಎನ್ನುವವರಿದ್ದಾರೆ. ಆನೋಡ್ ಕೆಲಸ ಮಾಡುವುದು ನೀರಲ್ಲಿ ಮುಳುಗಿರುವಾಗ ಮಾತ್ರ. ಶೆಡ್ಡಿನಲ್ಲಿ ನಿಂತ ಟ್ರೇಲರಿಗೆ ಅದು ದಂಡ.